ಐದನೆಯ ಆಟಗಾರ: ಒಂದು ಒಲಿಂಪಿಯಾಡ್ ಚೆಸ್ ತಂಡದ ಪ್ರಕರಣ ಅಧ್ಯಯನ

ಒಂದು ರಾಷ್ಟ್ರೀಯ ತಂಡ ಚೆಸ್ ಒಲಿಂಪಿಯಾಡ್‌ನಲ್ಲಿ ಕಳೆದ ಹನ್ನೆರಡು ದಿನಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ತಂಡಕ್ಕೆ ನಾನು ಆಟವಾಡದ ನಾಯಕನಾಗಿದ್ದೆ. ದೇಶ, ವರ್ಷ, ಎದುರಾಳಿಗಳ ಹೆಸರು ಇವುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಆಟಗಾರರನ್ನು ವರ್ಗೀಯ ವ್ಯಂಜನಗಳ ಮೊದಲ ಅಕ್ಷರಗಳಿಂದ ಕ, ಚ, ಟ, ತ, ಪ ಎಂದು ಕರೆಯುತ್ತೇನೆ. ಅದೇ ಅವರ ಬೋರ್ಡ್ ಕ್ರಮವೂ ಹೌದು: ಕ ಮೊದಲ ಬೋರ್ಡ್, ಪ ಐದನೆಯವರು. ಐವರೂ ಈ ಬರಹವನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ. ಕ ಎರಡು ಕಡೆ ತಿದ್ದಿದ್ದರು. ಎರಡೂ ತಿದ್ದುಪಡಿಗಳು ನನ್ನ ಮೇಲಿನ ಹೊಣೆಯನ್ನು ಹಗುರ ಮಾಡುವಂಥವು. ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ಒಲಿಂಪಿಯಾಡ್‌ನಲ್ಲಿ ಪ್ರತಿ ತಂಡಕ್ಕೆ ಐವರು. ಪ್ರತಿ ಸುತ್ತಿನಲ್ಲಿ ನಾಲ್ವರು ಆಡುತ್ತಾರೆ, ಒಬ್ಬರು ಹೊರಗೆ ಕೂರುತ್ತಾರೆ. ಹಿಂದೆ ಹೀಗಿರಲಿಲ್ಲ. 2006ರ ಟ್ಯೂರಿನ್ ಒಲಿಂಪಿಯಾಡ್‌ವರೆಗೆ ಮುಕ್ತ ವಿಭಾಗದಲ್ಲಿ ನಾಲ್ಕು ಬೋರ್ಡ್‌ಗಳಿಗೆ ಇಬ್ಬರು ಮೀಸಲು ಆಟಗಾರರು ಇರುತ್ತಿದ್ದರು. 2008ರ ಡ್ರೆಸ್ಡೆನ್‌ನಿಂದ ಮೀಸಲಿಗೆ ಒಬ್ಬರೇ ಉಳಿದರು, ಸುತ್ತುಗಳು 11 ಆದವು. ಗೆಲುವನ್ನು ಅಳೆಯುವ ಕೋಲೂ ಅಲ್ಲೇ ಬದಲಾಯಿತು. ಅದಕ್ಕೂ ಮೊದಲು ನಾಲ್ಕು ಬೋರ್ಡ್‌ಗಳ ಅಂಕಗಳನ್ನೆಲ್ಲ (ಆಟ ಗೆದ್ದರೆ 1, ಡ್ರಾ ಆದರೆ ಅರ್ಧ) ಕೂಡಿಸಿ ಸ್ಥಾನ ನಿರ್ಧರಿಸುತ್ತಿದ್ದರು. ಈಗ ತಂಡ ಗೆದ್ದರೆ 2 ಪಂದ್ಯ ಅಂಕ, ಸಮವಾದರೆ 1. ನಾಲ್ಕಕ್ಕೆ ನಾಲ್ಕು ಗೆದ್ದರೂ ಎರಡೇ, ಎರಡೂವರೆ ಗಳಿಸಿದರೂ ಎರಡೇ. ನಾಯಕನ ಯೋಚನೆಯನ್ನೆಲ್ಲ ಈ ಬದಲಾವಣೆ ತಲೆಕೆಳಗು ಮಾಡಿತು. ಅಂದಿನಿಂದ ಎಲ್ಲರ ಲೆಕ್ಕವೂ ಎರಡೂವರೆಯ ಸುತ್ತ ತಿರುಗುತ್ತದೆ.

ಬೋರ್ಡ್ ಕ್ರಮವನ್ನು ಮೊದಲೇ ಬರೆದು ಕೊಡಬೇಕು. ಪಂದ್ಯಾವಳಿ ಆರಂಭವಾದ ಮೇಲೆ ಅದನ್ನು ಬದಲಿಸುವಂತಿಲ್ಲ. ಒಬ್ಬರು ವಿಶ್ರಾಂತಿ ಪಡೆದರೆ ಅವರ ಕೆಳಗಿನವರೆಲ್ಲ ಒಂದೊಂದು ಬೋರ್ಡ್ ಮೇಲೇರುತ್ತಾರೆ. ಒಂದು ತಂಡಕ್ಕೆ 1 ಮತ್ತು 3ನೆಯ ಬೋರ್ಡ್‌ನಲ್ಲಿ ಬಿಳಿ ಕಾಯಿ ಬಂದರೆ 2 ಮತ್ತು 4ರಲ್ಲಿ ಕಪ್ಪು ಬರುತ್ತದೆ. ಆದ್ದರಿಂದ ಯಾರನ್ನು ಕೂರಿಸುತ್ತೇವೆ ಎಂಬುದರ ಮೇಲೆ ಉಳಿದವರ ಕಾಯಿಗಳ ಬಣ್ಣವೂ ನಿಂತಿದೆ. ಸಂಜೆ ಎದುರಾಳಿ ತಂಡ ಯಾವುದೆಂದು ತಿಳಿಯುತ್ತದೆ, ಮರುದಿನ ಬೆಳಿಗ್ಗೆಯ ಗಡುವಿನೊಳಗೆ ನಾಲ್ವರ ಹೆಸರು ಕೊಡಬೇಕು. ಎದುರಿನ ನಾಯಕ ಯಾರನ್ನು ಕೂರಿಸುತ್ತಾನೆ ಎಂಬುದು ಅಲ್ಲಿಯವರೆಗೂ ಊಹೆಯೇ.

ನಮ್ಮ ತಂಡದ ಶ್ರೇಯಾಂಕ ಮೂವತ್ತರ ಆಸುಪಾಸಿನಲ್ಲಿತ್ತು. ಮೊದಲ ಇಪ್ಪತ್ತರೊಳಗೆ ಬರಬೇಕು ಎಂಬುದು ನಾವೇ ಇಟ್ಟುಕೊಂಡ ಗುರಿ. ಕ ದೇಶದ ಹಿರಿಯ ಗ್ರ್ಯಾಂಡ್‌ಮಾಸ್ಟರ್, ವಯಸ್ಸು ನಲವತ್ತರ ಹತ್ತಿರ, ಒಂದೂವರೆ ದಶಕದಿಂದ ಮೊದಲ ಬೋರ್ಡ್ ಅವರದೇ. ಚ ಹತ್ತೊಂಬತ್ತರ ಹುಡುಗ. ಆಟದ ಬಲ ಅಳೆಯುವ ರೇಟಿಂಗ್‌ನಲ್ಲಿ ಆ ವರ್ಷ ಕ ಅವರನ್ನು ದಾಟಿದ್ದ. ಟ ಸುಲಭವಾಗಿ ಸೋಲದವರು, ಸುಲಭವಾಗಿ ಗೆಲ್ಲದವರು ಕೂಡ. ತ ಬಿಳಿ ಕಾಯಿ ಸಿಕ್ಕರೆ ಬೇರೆಯೇ ಆಟಗಾರ. ಪ ಇಂಟರ್‌ನ್ಯಾಷನಲ್ ಮಾಸ್ಟರ್, ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬಿರುದು. ಪೂರ್ಣಾವಧಿ ಉದ್ಯೋಗದಲ್ಲಿದ್ದವರು, ರಜೆ ಹಾಕಿ ಬಂದಿದ್ದರು. ನಾಲ್ಕನೆಯವರಿಗೂ ಅವರಿಗೂ ರೇಟಿಂಗ್‌ನಲ್ಲಿ ದೊಡ್ಡ ಅಂತರವಿತ್ತು.

ಕ ಅವರನ್ನು ಮೊದಲ ಬೋರ್ಡ್‌ನಲ್ಲಿ ಇರಿಸಿದ್ದು ಗೌರವಕ್ಕಾಗಿ ಅಲ್ಲ. ಬಲಿಷ್ಠ ತಂಡಗಳ ಮೊದಲ ಆಟಗಾರರ ಎದುರು ಅವರು ಬಂಡೆಯಂತೆ ನಿಲ್ಲುತ್ತಾರೆ, ಎರಡನೆಯ ಬೋರ್ಡ್‌ನಲ್ಲಿ ಚ ಗೆಲುವುಗಳನ್ನು ಕೂಡಿಸುತ್ತಾನೆ ಎಂಬುದು ನನ್ನ ಲೆಕ್ಕವಾಗಿತ್ತು. ಈ ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂದು ಇಂದಿಗೂ ನಂಬಿದ್ದೇನೆ. 2024ರ ಬುಡಾಪೆಸ್ಟ್‌ನಲ್ಲಿ ಭಾರತ ತನ್ನ ಅತಿ ಹೆಚ್ಚು ರೇಟಿಂಗ್‌ನ ಅರ್ಜುನ್ ಎರಿಗೈಸಿ ಅವರನ್ನು ಮೂರನೆಯ ಬೋರ್ಡ್‌ಗೆ ಇಳಿಸಿ ಗುಕೇಶ್ ಅವರನ್ನು ಮೊದಲಿಗೆ ಇಟ್ಟಿತು. ಅರ್ಜುನ್ 11ರಲ್ಲಿ 10, ಗುಕೇಶ್ 10ರಲ್ಲಿ 9 ಅಂಕ ಗಳಿಸಿದರು, ತಂಡ ಚಿನ್ನ ಗೆದ್ದಿತು. ರೇಟಿಂಗ್ ಪಟ್ಟಿಯ ಕ್ರಮವೇ ಬೋರ್ಡ್ ಕ್ರಮ ಆಗಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಾನು ಎಡವಿದ್ದು ಕ್ರಮದಲ್ಲಲ್ಲ.

ಮೊದಲ ಐದು ಸುತ್ತು

ಸ್ವಿಸ್ ಪದ್ಧತಿಯಲ್ಲಿ ನಮ್ಮಂಥ ನಡುಮಟ್ಟದ ತಂಡದ ದಾರಿ ಉಯ್ಯಾಲೆಯಂತಿರುತ್ತದೆ. ಗೆದ್ದರೆ ಮೇಲಿನವರು ಸಿಗುತ್ತಾರೆ, ಸೋತರೆ ಕೆಳಗಿನವರು. ಮೊದಲೆರಡು ಸುತ್ತು ಸಲೀಸಾಗಿ ಗೆದ್ದೆವು. ಒಂದರಲ್ಲಿ ಚ, ಇನ್ನೊಂದರಲ್ಲಿ ತ ವಿಶ್ರಾಂತಿ ಪಡೆದರು. ಪ ಎರಡನ್ನೂ ಆಡಿ ಒಂದು ಗೆಲುವು, ಒಂದು ಡ್ರಾ ಮಾಡಿಕೊಂಡರು. ಮೂರನೆಯ ಸುತ್ತಿನಲ್ಲಿ ಅಗ್ರ ಹತ್ತರೊಳಗಿನ ತಂಡವೊಂದು ಎದುರಾಯಿತು. 1–3ರಿಂದ ಸೋತೆವು. ನಾಲ್ಕು, ಐದನೆಯ ಸುತ್ತು ಮತ್ತೆ ಗೆಲುವು. ವಿಶ್ರಾಂತಿ ದಿನದ ಹೊತ್ತಿಗೆ ಐದು ಸುತ್ತಿನಿಂದ 8 ಅಂಕ. ಎಲ್ಲರ ಮುಖದಲ್ಲೂ ಕಳೆ ಇತ್ತು.

ಮೂರನೆಯ ಸುತ್ತಿನ ಒಂದು ಗಳಿಗೆಯನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಆಗ ನಾನು ಅದನ್ನು ಗಮನಿಸಲೇ ಇಲ್ಲ. ಕ ಮತ್ತು ತ ಸೋತಿದ್ದರು, ಟ ಡ್ರಾ ಮಾಡಿಕೊಂಡಿದ್ದರು. ಪಂದ್ಯ ಕೈಬಿಟ್ಟಾಗಿತ್ತು. ಚ ಒಬ್ಬನೇ ಇನ್ನೂ ಆಡುತ್ತಿದ್ದ. ಕಪ್ಪು ಕಾಯಿಗಳಲ್ಲಿ ಆಡಿಯೂ ಅವನ ಬಳಿ ಒಂದು ಕಾಲಾಳು ಹೆಚ್ಚಿತ್ತು. ಎದುರಾಳಿ ಡ್ರಾ ಕೇಳಿದ. ಚ ನನ್ನತ್ತ ತಿರುಗಿದ. ತಂಡ ಸೋತಾಗಿದೆ, ಹುಡುಗನ ಶಕ್ತಿ ನಾಳೆಗೆ ಉಳಿಯಲಿ ಎಂದುಕೊಂಡು ತೀರ್ಪುಗಾರರ ಎದುರೇ ಹೇಳಿದೆ: "ಒಪ್ಪಿಕೋ." ಕೈ ಕುಲುಕಿದರು. ಆ ಸಂಜೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಆಟದ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ.

ಸಮಸ್ಯೆ ಬೆಳೆದ ಬಗೆ

ಆರನೆಯ ಸುತ್ತು 2–2. ಏಳನೆಯದು 1.5–2.5ರ ಸೋಲು. ಎರಡರಲ್ಲೂ ಕ ಅವರ ಆಟವೇ ಕೊನೆಯದಾಗಿ ಮುಗಿಯಿತು, ಎರಡರಲ್ಲೂ ಅವರು ಐದನೆಯ ಗಂಟೆಯಲ್ಲಿ ಜಾರಿದರು. ಆರನೆಯ ಸುತ್ತಿನಲ್ಲಿ ಸಮಬಲದ ಸ್ಥಿತಿಯನ್ನು ಸೋತರು. ಏಳನೆಯದರಲ್ಲಿ ಗೆಲ್ಲುವ ಸ್ಥಿತಿಯನ್ನು ಡ್ರಾಗೆ ಬಿಟ್ಟುಕೊಟ್ಟರು.

ಒಲಿಂಪಿಯಾಡ್‌ನ ಸಮಯ ನಿಯಮ ಹೊರಗಿನಿಂದ ಉದಾರವಾಗಿ ಕಾಣುತ್ತದೆ: ಮೊದಲ 40 ನಡೆಗಳಿಗೆ 90 ನಿಮಿಷ, ನಂತರ 30 ನಿಮಿಷ, ಮೊದಲ ನಡೆಯಿಂದಲೇ ಪ್ರತಿ ನಡೆಗೆ 30 ಸೆಕೆಂಡ್ ಹೆಚ್ಚುವರಿ. ಆಟ 60, 70 ನಡೆಗಳನ್ನು ದಾಟಿತೆಂದರೆ ಆ 30 ಸೆಕೆಂಡ್‌ಗಳೇ ಉಸಿರು. ದಣಿದ ಮನಸ್ಸು ಮೊದಲು ಕಳೆದುಕೊಳ್ಳುವುದು ಇಂಥ ಹೊತ್ತಿನ ನಿಖರತೆಯನ್ನು. ಆರಂಭಿಕ ನಡೆಗಳು ನೆನಪಿನಿಂದ ಬರುತ್ತವೆ, ನಡು ಆಟ ಅನುಭವದಿಂದ ಬರುತ್ತದೆ. ಅಂತ್ಯಾಟಕ್ಕೆ ಮಾತ್ರ ತಾಜಾ ತಲೆ ಬೇಕು. ಕ ಅವರ ಆಟದ ಮೊದಲ ನಾಲ್ಕು ಗಂಟೆ ನೋಡಿದವರಿಗೆ ಅವರು ದಣಿದಿದ್ದಾರೆ ಎಂದು ಅನ್ನಿಸುವಂತೆಯೇ ಇರಲಿಲ್ಲ. ನನಗೂ ಅನ್ನಿಸಲಿಲ್ಲ, ಅಥವಾ ಅನ್ನಿಸಿಕೊಳ್ಳಲು ನಾನು ಸಿದ್ಧನಿರಲಿಲ್ಲ.

ಏಳೂ ಸುತ್ತುಗಳನ್ನು ಕ ಆಡಿದ್ದರು. ಪ ಎರಡನೆಯ ಸುತ್ತಿನ ನಂತರ ಬೋರ್ಡ್ ಮುಟ್ಟಿರಲಿಲ್ಲ. ಹಾಗೆಂದು ಪ ಸುಮ್ಮನಿದ್ದರೇ? ಇಲ್ಲ. ರಾತ್ರಿ ಒಂದರವರೆಗೆ ಲ್ಯಾಪ್‌ಟಾಪ್ ಮುಂದೆ ಕುಳಿತು ಎದುರಾಳಿಗಳ ಹಳೆಯ ಆಟಗಳನ್ನು ತೆಗೆದು ಉಳಿದ ನಾಲ್ವರಿಗೆ ಆರಂಭಿಕ ನಡೆಗಳ ಕಡತ ಸಿದ್ಧಪಡಿಸುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅದನ್ನು ವಿವರಿಸುತ್ತಿದ್ದರು. ಈ ಕೆಲಸವನ್ನು ಅವರಿಗೆ ಯಾರೂ ವಹಿಸಿರಲಿಲ್ಲ, ತಾವಾಗಿಯೇ ಹೊತ್ತುಕೊಂಡಿದ್ದರು. ನಾನು ಅದನ್ನು ಮೆಚ್ಚಿ ಎಲ್ಲರೆದುರು ಹೊಗಳುತ್ತಿದ್ದೆ. ಹೊಗಳುತ್ತಾ ಹೊಗಳುತ್ತಾ ಒಬ್ಬ ಆಟಗಾರನನ್ನು ಸಹಾಯಕನನ್ನಾಗಿ ಮಾಡಿಬಿಟ್ಟೆ. ಐದನೆಯ ಸುತ್ತಿನ ಹೊತ್ತಿಗೆ ನನ್ನ ಮನಸ್ಸಿನಲ್ಲಿ ತಂಡ ಎಂದರೆ ನಾಲ್ವರು ಮತ್ತು ಪ ಎಂದಾಗಿತ್ತು.

ಕ ಅವರನ್ನು ಕೂರಿಸುವ ಯೋಚನೆ ಏಳನೆಯ ಸುತ್ತಿನ ರಾತ್ರಿ ಬಂದದ್ದು ನಿಜ. ಎರಡು ಕಾರಣಗಳಿಂದ ಅದನ್ನು ತಳ್ಳಿಹಾಕಿದೆ. ಸತತ ಎರಡು ಕೆಟ್ಟ ದಿನಗಳ ಬೆನ್ನಲ್ಲೇ ಹಿರಿಯನನ್ನು ಕೂರಿಸಿದರೆ ಅದು ಶಿಕ್ಷೆಯಂತೆ ಕಾಣುತ್ತದೆ ಎಂಬ ಅಳುಕು ಒಂದು. ಎಂಟನೆಯ ಸುತ್ತಿನ ಎದುರಾಳಿ ನಮಗಿಂತ ಸ್ವಲ್ಪ ಕೆಳಗಿನ ತಂಡ, ಗೆಲ್ಲಲೇಬೇಕಾದ ಪಂದ್ಯ, ಬಲಿಷ್ಠ ನಾಲ್ವರೇ ಇರಲಿ ಎಂಬುದು ಇನ್ನೊಂದು. ಮೊದಲನೆಯದು ಸಂಕೋಚ, ಎರಡನೆಯದು ಆ ಸಂಕೋಚಕ್ಕೆ ಹೊದಿಸಿದ ತರ್ಕ. ಬಲಿಷ್ಠ ನಾಲ್ವರು ಯಾರು ಎಂದು ನಿರ್ಧರಿಸಿದ್ದು ಆ ತಿಂಗಳ ರೇಟಿಂಗ್ ಪಟ್ಟಿ ನೋಡಿ. ಆ ದಿನ ಬೆಳಿಗ್ಗೆ ತಿಂಡಿಯ ಮೇಜಿನ ಎದುರು ಕುಳಿತಿದ್ದ ಮುಖಗಳನ್ನು ನೋಡಿ ಅಲ್ಲ.

ಎಂಟನೆಯ ಸುತ್ತು

ಕ ಕಪ್ಪು, ಚ ಬಿಳಿ, ಟ ಕಪ್ಪು, ತ ಬಿಳಿ. ತ ಮೂರು ಗಂಟೆಯೊಳಗೆ ಗೆದ್ದರು. ಟ ಡ್ರಾ. ನಾವು 1.5–0.5ರಿಂದ ಮುಂದೆ. ಉಳಿದದ್ದು ಮೊದಲ ಎರಡು ಬೋರ್ಡ್.

ಕ ಅವರದು ಆನೆ ಮತ್ತು ಕಾಲಾಳುಗಳ ಅಂತ್ಯಾಟ. ಎದುರಾಳಿಗೆ ನಾಲ್ಕು ಕಾಲಾಳು, ಇವರಿಗೆ ಮೂರು, ಎಲ್ಲವೂ ಒಂದೇ ಪಾರ್ಶ್ವದಲ್ಲಿ. ಈ ಅಂತ್ಯಾಟ ಎಲ್ಲ ಪಠ್ಯಗಳಲ್ಲೂ ಇದೆ. ಸರಿಯಾಗಿ ರಕ್ಷಿಸಿಕೊಂಡರೆ ಸಾಮಾನ್ಯವಾಗಿ ಡ್ರಾ. ಅಂಚಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು ಎದುರಾಳಿಯ ಕಾಲಾಳುಗಳು ಹರಡಿಕೊಳ್ಳದಂತೆ ತಡೆಯುವುದು ರಕ್ಷಣೆಯ ಮೊದಲ ಪಾಠ. ಕ ಆ ಪಾಠದಂತೆಯೇ ಇಟ್ಟಿದ್ದರು. ಚ ಅವರದು ಇನ್ನೂ ತುಂಬಿದ ಬೋರ್ಡ್. ಸ್ವಲ್ಪ ಮೇಲುಗೈ, ಆದರೆ ಅವನ ರಾಜನ ಸುತ್ತಲೂ ಬಿರುಕುಗಳಿದ್ದವು.

ಆಗ ಚ ಅವರ ಎದುರಾಳಿ ಡ್ರಾ ಕೇಳಿದ.

ಇಂಥ ಗಳಿಗೆಯಲ್ಲಿ ನಾಯಕ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಬೋರ್ಡ್ ಮೇಲಿನ ಸ್ಥಿತಿಯ ಬಗ್ಗೆ ಅಭಿಪ್ರಾಯ ಎನ್ನಿಸುವ ಯಾವ ಮಾತನ್ನೂ ಆಡುವಂತಿಲ್ಲ. ಡ್ರಾ ಕೇಳು, ಡ್ರಾ ಒಪ್ಪಿಕೋ, ಆಟ ಬಿಟ್ಟುಕೊಡು ಎಂಬಷ್ಟು ಸಲಹೆ ಕೊಡಬಹುದು. ಡ್ರಾ ಒಪ್ಪಲೇ ಎಂದು ಆಟಗಾರ ಕೇಳಿದರೆ ಹೌದು ಅಥವಾ ಇಲ್ಲ ಎನ್ನಬಹುದು, ಇಲ್ಲವೇ ತೀರ್ಮಾನವನ್ನು ಆಟಗಾರನಿಗೇ ಬಿಡಬಹುದು. ಕಿಸೆಯಲ್ಲಿ ಮೊಬೈಲ್ ಇರುವುದಿಲ್ಲ, ಕಂಪ್ಯೂಟರ್ ಏನು ಹೇಳುತ್ತದೆಂದು ತಿಳಿಯುವುದಿಲ್ಲ. ಇರುವುದು ಕಣ್ಣು ಮತ್ತು ಕೂಡುವ ಲೆಕ್ಕ.

ನನ್ನ ಲೆಕ್ಕ ಹೀಗಿತ್ತು. ಚ ಡ್ರಾ ಒಪ್ಪಿದರೆ 2–1. ಕ ಡ್ರಾ ಮಾಡಿಕೊಂಡರೆ 2.5–1.5, ಪಂದ್ಯ ನಮ್ಮದು. ಚ ಮುಂದುವರಿಸಿದರೆ ಗೆಲ್ಲಲೂಬಹುದು, ರಾಜನ ಸುತ್ತಲಿನ ಬಿರುಕುಗಳಿಂದ ಸೋಲಲೂಬಹುದು. ಕ ಅವರ ಅಂತ್ಯಾಟ ಪುಸ್ತಕದ ಡ್ರಾ. ಹಾಗಾದರೆ ಅಪಾಯ ಏಕೆ? ಚ ಕೇಳಿದ, ನಾನು ಹೌದು ಎಂದೆ.

ನಂತರದ ಒಂದು ಗಂಟೆ ನನ್ನ ನೆನಪಿನಿಂದ ಅಳಿಸುವುದಿಲ್ಲ. ಸಭಾಂಗಣದ ನಮ್ಮ ಸಾಲು ಖಾಲಿಯಾಗುತ್ತಾ ಬಂತು. ಕ ಒಬ್ಬರೇ. ಪ್ರತಿ ನಡೆಯನ್ನೂ ಗಡಿಯಾರ ಐದಾರು ಸೆಕೆಂಡ್ ತೋರಿಸುವಾಗ ಆಡುತ್ತಿದ್ದರು. ಎಂಬತ್ತನೆಯ ನಡೆ ದಾಟಿದ ಮೇಲೆ, ಹಿಂದಿನಿಂದ ಚೆಕ್ ಕೊಡುತ್ತಾ ಎದುರಾಳಿಯ ರಾಜನನ್ನು ಕಾಡುತ್ತಿದ್ದ ತಮ್ಮ ಆನೆಯನ್ನು ಅಲ್ಲಿಂದ ತೆಗೆದು ಒಂದು ಕಾಲಾಳಿನ ಕಾವಲಿಗೆ ತಂದು ನಿಲ್ಲಿಸಿದರು. ಕ್ರಿಯಾಶೀಲ ಆನೆ ಕಾವಲುಗಾರನಾಯಿತು. ಎದುರಾಳಿಯ ರಾಜ ನಿಶ್ಚಿಂತೆಯಿಂದ ಒಳಗೆ ನಡೆದ. ಹನ್ನೆರಡು ನಡೆಗಳ ನಂತರ ಕ ಗಡಿಯಾರ ನಿಲ್ಲಿಸಿದರು. ಪಂದ್ಯ 2–2.

ಈ ನಡೆಯನ್ನು ಅವರು ತಮ್ಮ ವಿದ್ಯಾರ್ಥಿಗಳಿಗೆ ಮಾಡಬಾರದ ತಪ್ಪು ಎಂದು ಕಲಿಸುತ್ತಾರೆ. ನನಗೆ ಅದು ಗೊತ್ತಿತ್ತು. ಆದ್ದರಿಂದಲೇ ಆ ನಡೆ ನೋಡಿದಾಗ ಸೋಲಿಗಿಂತ ಹೆಚ್ಚಾಗಿ ಬೇರೊಂದು ಮಾತು ಎದೆಗೆ ನಾಟಿತು: ಈ ಮನುಷ್ಯ ದಣಿದು ಹೋಗಿದ್ದಾರೆ, ನಾನು ಅದನ್ನು ಮೂರು ದಿನಗಳಿಂದ ನೋಡಿಲ್ಲ.

ಆ ರಾತ್ರಿಯ ಎರಡು ಮಾತುಕತೆ

ಮೊದಲು ಕ ಅವರ ಕೋಣೆಗೆ ಹೋದೆ. ನಾಳೆ ನೀವು ವಿಶ್ರಾಂತಿ ಪಡೆಯಿರಿ ಎಂಬ ಒಂದು ವಾಕ್ಯವನ್ನು ಹೇಗೆ ಹೇಳಲಿ ಎಂದು ಕಾರಿಡಾರ್‌ನಲ್ಲಿ ಎರಡು ಸಲ ಅಡ್ಡಾಡಿದ್ದೆ. ಹೇಳಿದೆ. ಅವರು ಕೋಪಗೊಳ್ಳಲಿಲ್ಲ. "ಐದನೆಯ ಸುತ್ತಾದ ಮೇಲೇ ನೀವು ಹೇಳುತ್ತೀರಿ ಎಂದುಕೊಂಡಿದ್ದೆ," ಎಂದರು. ನೀವೇ ಕೇಳಬಹುದಿತ್ತಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲ ಬೋರ್ಡ್‌ನವನು ತಾನಾಗಿ ವಿಶ್ರಾಂತಿ ಕೇಳಿದರೆ ಹುಡುಗರು ಏನೆಂದುಕೊಳ್ಳುತ್ತಾರೆ?" ಎಂದರು.

ಅವರು ಕೇಳಿದರೆ ಬಿಟ್ಟು ಓಡಿದಂತೆ ಎಂದು ಅವರು ಸುಮ್ಮನಿದ್ದರು. ನಾನು ಹೇಳಿದರೆ ಅವಮಾನಿಸಿದಂತೆ ಎಂದು ನಾನು ಸುಮ್ಮನಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸುತ್ತಲೇ ಮೂರು ಸುತ್ತುಗಳನ್ನು ಕಳೆದಿದ್ದೆವು.

ಎರಡನೆಯ ಮಾತುಕತೆ ಚ ಅವರ ಜೊತೆ. ಡ್ರಾ ಒಪ್ಪು ಎಂದಿದ್ದಕ್ಕೆ ಬೇಸರವಿದೆಯೇ ಎಂದು ಕೇಳಿದೆ. ಅವನ ಉತ್ತರವನ್ನು ಟಿಪ್ಪಣಿ ಪುಸ್ತಕದಲ್ಲಿ ಹಾಗೇ ಬರೆದಿಟ್ಟಿದ್ದೇನೆ: "ನನಗೇ ಬಿಟ್ಟಿದ್ದರೆ ನಾನು ಮುಂದುವರಿಸುತ್ತಿದ್ದೆ. ನನ್ನ ಸ್ಥಿತಿ ಚೆನ್ನಾಗಿದೆ ಎಂದಲ್ಲ. ಕ ಅವರು ನಡೆಗಳನ್ನು ಬರೆದುಕೊಳ್ಳುವಾಗ ಎರಡು ಸಲ ತಪ್ಪು ಸಾಲಿನಲ್ಲಿ ಬರೆದರು. ಪಕ್ಕದಲ್ಲೇ ಕುಳಿತಿದ್ದೆನಲ್ಲ, ಕಾಣುತ್ತಿತ್ತು."

ನಾನು ನಿಂತಿದ್ದ ಜಾಗದಿಂದ ಎರಡೂ ಬೋರ್ಡ್‌ಗಳ ಕಾಯಿಗಳು ಕಾಣುತ್ತಿದ್ದವು. ಅವನು ಕುಳಿತಿದ್ದ ಜಾಗದಿಂದ ಆಡುತ್ತಿದ್ದ ಮನುಷ್ಯ ಕಾಣುತ್ತಿದ್ದರು. ನಿಯಮ ನನಗೆ ಮೂರನೆಯ ಉತ್ತರವನ್ನೂ ಕೊಟ್ಟಿತ್ತು: ತೀರ್ಮಾನ ನಿನ್ನದು. ಅದನ್ನು ನಾನು ಅಲ್ಲಿಯವರೆಗೆ ಹೊಣೆ ಜಾರಿಸಿಕೊಳ್ಳುವ ಉತ್ತರ ಎಂದೇ ಭಾವಿಸಿದ್ದೆ. ನಾಯಕ ಎಂದ ಮೇಲೆ ಹೌದು ಅಥವಾ ಇಲ್ಲ ಎನ್ನಬೇಕು, ತಪ್ಪಾದರೆ ತಲೆಗೊಡಬೇಕು. ಆ ರಾತ್ರಿಯ ನಂತರ ನನಗೆ ಆ ಖಚಿತತೆ ಉಳಿದಿಲ್ಲ.

ಕೊನೆಯ ಮೂರು ಸುತ್ತು

ಒಂಬತ್ತನೆಯ ಸುತ್ತಿಗೆ ಚ, ಟ, ತ, ಪ ಎಂದು ಪಟ್ಟಿ ಕೊಟ್ಟೆ. ಮೊದಲ ಬೋರ್ಡ್‌ನಲ್ಲಿ ಬಿಳಿ ನಮಗೆ ಬಂದಿತ್ತು. ಕ ಕೂತದ್ದರಿಂದ ಚ ಒಂದು ಬೋರ್ಡ್ ಮೇಲೇರಿ ಬಿಳಿ ಪಡೆದ, ತ ಕೂಡ ಮೂರಕ್ಕೆ ಏರಿ ಬಿಳಿ ಪಡೆದರು. ಬೇರೆ ಯಾರನ್ನು ಕೂರಿಸಿದ್ದರೂ ಬಿಳಿಯಲ್ಲಿ ಅತಿ ಚೆನ್ನಾಗಿ ಆಡುವ ಇವರಿಬ್ಬರಿಗೂ ಒಟ್ಟಿಗೆ ಬಿಳಿ ಸಿಗುತ್ತಿರಲಿಲ್ಲ. ಕ ಅವರಿಗೆ ವಿಶ್ರಾಂತಿ ಕೊಡಬೇಕೆಂದು ತೀರ್ಮಾನಿಸಿದ ಮೇಲಷ್ಟೇ ಇದು ನನ್ನ ಕಣ್ಣಿಗೆ ಬಿತ್ತು. ಮೊದಲೇ ಕಾಗದ ಪೆನ್ನು ಹಿಡಿದು ಕುಳಿತಿದ್ದರೆ ವಿಶ್ರಾಂತಿ ಎಂಬುದು ತ್ಯಾಗವಾಗಿ ಅಲ್ಲ, ಅನುಕೂಲವಾಗಿಯೇ ಕಾಣುತ್ತಿತ್ತು.

ಚ ಗೆದ್ದ. ತ ಗೆದ್ದರು. ಟ ಡ್ರಾ. ಪ ಸೋತರು. 2.5–1.5.

ತಂಡ ಗೆದ್ದಿತು ಎಂದು ಎಲ್ಲರೂ ಪ ಅವರ ಬೆನ್ನು ತಟ್ಟಿದರು. ಅವರು ನಗಲಿಲ್ಲ. ಆರು ಸುತ್ತು ಹೊರಗಿದ್ದವರನ್ನು ಏಕಾಏಕಿ ಕಪ್ಪು ಕಾಯಿಗಳೊಂದಿಗೆ ಕೂರಿಸಿದಾಗ ಏನಾಗಬಹುದೋ ಅದೇ ಆಗಿತ್ತು. ಇಪ್ಪತ್ತನೆಯ ನಡೆಯ ಹೊತ್ತಿಗೆ ಅವರ ಗಡಿಯಾರದಲ್ಲಿ ಎದುರಾಳಿಗಿಂತ ಅರ್ಧ ಗಂಟೆ ಕಡಿಮೆ ಇತ್ತು. ಪ್ರತಿ ನಡೆಯನ್ನೂ ಮತ್ತೆ ಮತ್ತೆ ಪರಿಶೀಲಿಸುತ್ತಿದ್ದರು. ಬೋರ್ಡ್ ಎದುರು ಕೂರದೆ ದಿನಗಳಾದರೆ ತನ್ನ ಲೆಕ್ಕದ ಮೇಲೆ ತನಗೇ ನಂಬಿಕೆ ಸಡಿಲವಾಗುತ್ತದೆ. ಈ ಫಲಿತಾಂಶವನ್ನು ನೋಡಿ, ಪ ಅವರನ್ನು ಆಡಿಸದೇ ಇದ್ದದ್ದೇ ಸರಿಯಾಗಿತ್ತು ಎಂದು ಯಾರಾದರೂ ವಾದಿಸಬಹುದು. ನಾನು ಒಪ್ಪುವುದಿಲ್ಲ. ಅವರನ್ನು ಆ ಸ್ಥಿತಿಗೆ ತಂದದ್ದೇ ನನ್ನ ಪಟ್ಟಿಗಳು. ನಾಲ್ಕು ಅಥವಾ ಐದನೆಯ ಸುತ್ತಿನಲ್ಲಿ, ನಮಗಿಂತ ಕೆಳಗಿನ ತಂಡಗಳ ಎದುರು, ಅವರು ಒಂದು ಆಟ ಆಡಿರಬೇಕಿತ್ತು.

ಹತ್ತನೆಯ ಸುತ್ತಿಗೆ ಕ ಮರಳಿದರು. ನಮಗಿಂತ ಬಹಳ ಮೇಲಿನ ತಂಡ, ಮೊದಲ ಬೋರ್ಡ್‌ನಲ್ಲಿ ಕಪ್ಪು. ಒಂದು ದಿನ ಮಲಗಿ ಎದ್ದ ಮನುಷ್ಯ ಅದೇ ಐದನೆಯ ಗಂಟೆಯಲ್ಲಿ ಒಂದು ಕಾಲಾಳು ಕಡಿಮೆ ಇದ್ದ ಅಂತ್ಯಾಟವನ್ನು ತಪ್ಪಿಲ್ಲದೆ ಹಿಡಿದು ನಿಲ್ಲಿಸಿದರು. ಪಂದ್ಯ 2–2. ನಮ್ಮ ಇಡೀ ಪಂದ್ಯಾವಳಿಯ ಅತ್ಯುತ್ತಮ ಫಲಿತಾಂಶ ಅದು.

ಕೊನೆಯ ಸುತ್ತು ಬೇರೆ ದಿನಗಳಿಗಿಂತ ಬೇಗ, ಬೆಳಿಗ್ಗೆಯೇ ಆರಂಭವಾಗುತ್ತದೆ. ತಯಾರಿಗೆ ಸಮಯವಿಲ್ಲ, ನಿದ್ದೆಯೂ ಅರ್ಧ. ಟ ಅವರನ್ನು ಕೂರಿಸಿ ಪ ಅವರನ್ನು ಮತ್ತೆ ಆಡಿಸಿದೆ. ತಂಡದೊಳಗೇ ಇದಕ್ಕೆ ವಿರೋಧವಿತ್ತು. ಎರಡು ದಿನ ಹಿಂದೆ ಸೋತವರನ್ನು, ಸೋಲದ ಟ ಅವರ ಬದಲು, ಕೊನೆಯ ಸುತ್ತಿನಲ್ಲಿ ಏಕೆ ಎಂದು ತ ನೇರವಾಗಿ ಕೇಳಿದರು. ಟ ಒಂಬತ್ತು ಸುತ್ತು ಸತತ ಆಡಿದ್ದಾರೆ ಎಂದಾಗಲೇ ಅವರಿಗೂ ಲೆಕ್ಕ ನೆನಪಾದದ್ದು. ಎಂಟು, ಒಂಬತ್ತು ಎಂದು ನಾನೂ ಒಮ್ಮೆ ಬೆರಳು ಮಡಿಚಿ ಎಣಿಸಿದೆ, ಒಂಬತ್ತಲ್ಲ, ಹತ್ತು. ಗದ್ದಲ ಮಾಡದ ಆಟಗಾರನ ದಣಿವು ಯಾರಿಗೂ ಕಾಣುವುದಿಲ್ಲ. ಪ ಕಪ್ಪು ಕಾಯಿಗಳಲ್ಲಿ ನಾಲ್ಕೂವರೆ ಗಂಟೆ ಆಡಿ ಡ್ರಾ ಮಾಡಿಕೊಂಡರು. ಆ ಅರ್ಧ ಅಂಕವೇ 2–2 ಆಗಬಹುದಾಗಿದ್ದ ಪಂದ್ಯವನ್ನು 2.5–1.5 ಮಾಡಿತು.

ಫಲಿತಾಂಶ, ಮತ್ತು ಮರೆತಿದ್ದ ಅರ್ಧ ಅಂಕ

ಒಟ್ಟು 15 ಪಂದ್ಯ ಅಂಕ. ಅದೇ ಅಂಕ ಗಳಿಸಿದ ತಂಡಗಳ ಗುಂಪು ಇಪ್ಪತ್ತನೆಯ ಸ್ಥಾನದ ಮೇಲಿನಿಂದ ಕೆಳಗಿನವರೆಗೂ ಹರಡಿತ್ತು. ಸಮ ಅಂಕದ ತಂಡಗಳನ್ನು ಬೇರ್ಪಡಿಸುವ ಟೈಬ್ರೇಕ್‌ನಲ್ಲಿ ನಾವು ಗುರಿಗಿಂತ ಎರಡು ಸ್ಥಾನ ಕೆಳಗೆ ಉಳಿದೆವು.

ಒಲಿಂಪಿಯಾಡ್‌ನ ಮೊದಲ ಟೈಬ್ರೇಕ್ ಲೆಕ್ಕ ಹೀಗೆ. ಪ್ರತಿ ಎದುರಾಳಿ ತಂಡ ಕೊನೆಗೆ ಗಳಿಸಿದ ಪಂದ್ಯ ಅಂಕವನ್ನು, ಆ ತಂಡದ ವಿರುದ್ಧ ನಾವು ಗಳಿಸಿದ ಬೋರ್ಡ್ ಅಂಕದಿಂದ ಗುಣಿಸಬೇಕು. ಅತಿ ಕಡಿಮೆ ಅಂಕದ ಎದುರಾಳಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕೂಡಬೇಕು. ಅಂದರೆ ದುರ್ಬಲ ತಂಡದ ವಿರುದ್ಧ 4–0 ಗೆದ್ದದ್ದಕ್ಕಿಂತ, ಬಲಿಷ್ಠ ತಂಡದ ವಿರುದ್ಧ ಸೋಲುತ್ತಲೇ ಗಿಟ್ಟಿಸಿಕೊಂಡ ಅರ್ಧ ಅಂಕಕ್ಕೆ ಬೆಲೆ ಹೆಚ್ಚಾಗಬಹುದು.

ಮನೆಗೆ ಮರಳಿದ ಮೇಲೆ ಈ ಲೆಕ್ಕವನ್ನು ಸುತ್ತು ಸುತ್ತಾಗಿ ಬಿಡಿಸಿದೆ. ಇಪ್ಪತ್ತನೆಯ ಸ್ಥಾನದ ತಂಡಕ್ಕೂ ನಮಗೂ ಇದ್ದ ಅಂತರ 6.5. ಮೂರನೆಯ ಸುತ್ತಿನಲ್ಲಿ ನಮ್ಮನ್ನು 3–1ರಿಂದ ಸೋಲಿಸಿದ ತಂಡ ಕೊನೆಗೆ 17 ಅಂಕ ಗಳಿಸಿತ್ತು. ಅಂದು ಚ ತನ್ನ ಹೆಚ್ಚುವರಿ ಕಾಲಾಳಿನಿಂದ ಗೆದ್ದಿದ್ದರೆ ನಮಗೆ ಅರ್ಧ ಬೋರ್ಡ್ ಅಂಕ ಹೆಚ್ಚು, ಟೈಬ್ರೇಕ್‌ನಲ್ಲಿ 8.5 ಹೆಚ್ಚು. ಪಂದ್ಯದ ಸೋಲು ಸೋಲಾಗಿಯೇ ಇರುತ್ತಿತ್ತು, ಆದರೆ ಗುರಿ ತಲುಪುತ್ತಿದ್ದೆವು.

ಅವನು ಗೆದ್ದೇ ಗೆಲ್ಲುತ್ತಿದ್ದ ಎನ್ನುವಂತಿಲ್ಲ. ಆ ಅಂತ್ಯಾಟ ಗೆಲ್ಲುವುದು ಕಷ್ಟವಿತ್ತು. ನನ್ನನ್ನು ಕಾಡಿದ್ದು ಬೇರೆ. ಎಂಟನೆಯ ಸುತ್ತಿನ ಡ್ರಾ ಬಗ್ಗೆ ಆ ರಾತ್ರಿಯೆಲ್ಲ ಯೋಚಿಸಿದ್ದೆ, ಮೂರನೆಯ ಸುತ್ತಿನ ಡ್ರಾ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ. ಪಂದ್ಯ ಸೋತಾಗಿದೆ ಎಂದ ಕ್ಷಣ ಉಳಿದ ಒಂದು ಬೋರ್ಡಿನ ಫಲಿತಾಂಶಕ್ಕೆ ಅರ್ಥವಿಲ್ಲ ಎಂದು ನಾನು ತೀರ್ಮಾನಿಸಿದ್ದು ಪಂದ್ಯ ಅಂಕಗಳ ಲೆಕ್ಕವೊಂದನ್ನೇ ತಲೆಯಲ್ಲಿ ಇಟ್ಟುಕೊಂಡು. ಎಂಟನೆಯ ಸುತ್ತು ಎಲ್ಲರಿಗೂ ನೆನಪಿದೆ, ನಮ್ಮ ದೇಶದ ಚೆಸ್ ವಲಯದಲ್ಲಿ ಇಂದಿಗೂ ಅದರ ಮಾತೇ. ಮೂರನೆಯ ಸುತ್ತನ್ನು ನಾನಾಗಿ ಹೇಳಿದರಷ್ಟೇ ಕೇಳುತ್ತಾರೆ.

ಈಗ ಮಾಡುವ ಬಗೆ

ಪಂದ್ಯಾವಳಿಗೆ ಹೊರಡುವ ಮೊದಲೇ ಐವರ ಎದುರು ಒಂದು ಹಾಳೆ ಇಡುತ್ತೇನೆ. ಪ್ರತಿಯೊಬ್ಬರೂ ಕನಿಷ್ಠ ಒಂದು ಸುತ್ತು ಕೂರುತ್ತಾರೆ, ಮೊದಲ ಬೋರ್ಡ್‌ನವರೂ ಸೇರಿ. ಯಾವ ಸುತ್ತು ಎಂಬುದು ಬದಲಾಗಬಹುದು, ಕೂರುವುದು ಬದಲಾಗುವುದಿಲ್ಲ. ಹೀಗೆ ಮೊದಲೇ ಬರೆದಿಟ್ಟರೆ ವಿಶ್ರಾಂತಿಗೆ ಶಿಕ್ಷೆಯ ಬಣ್ಣ ಬರುವುದಿಲ್ಲ, ಯಾರೂ ಯಾರನ್ನೂ ಕೇಳಬೇಕಾಗುವುದಿಲ್ಲ. ಐದನೆಯ ಆಟಗಾರ ಸತತ ಮೂರು ಸುತ್ತಿಗಿಂತ ಹೆಚ್ಚು ಹೊರಗಿರುವಂತಿಲ್ಲ. ಆರಂಭಿಕ ನಡೆಗಳ ಕಡತ ಸಿದ್ಧಪಡಿಸುವುದು ಅವರ ಕೆಲಸವಲ್ಲ. ಅದಕ್ಕೆ ತಂಡದ ಜೊತೆ ಬೇರೊಬ್ಬರು ಬರುತ್ತಾರೆ, ಬರಲು ಹಣವಿಲ್ಲದಿದ್ದರೆ ಮನೆಯಿಂದಲೇ ಕಳುಹಿಸುತ್ತಾರೆ. ಎದುರಾಳಿ ತಂಡ ಸಂಜೆ ತಿಳಿದ ಕೂಡಲೇ ಐದು ಸಾಧ್ಯ ಪಟ್ಟಿಗಳನ್ನೂ ಬಣ್ಣದ ಸಮೇತ ಬರೆದು ನೋಡುತ್ತೇನೆ. ಅದಕ್ಕೆ ಹತ್ತು ನಿಮಿಷ ಸಾಕು.

ಡ್ರಾ ಕೇಳಿದಾಗ ಏನು ಹೇಳಬೇಕು ಎಂಬುದಕ್ಕೆ ಇಂಥ ಹಾಳೆ ನನ್ನ ಬಳಿ ಇಲ್ಲ. ಮುಂದಿನ ತಂಡ ಸ್ಪರ್ಧೆಯಲ್ಲಿ ಅಂಥದೇ ಗಳಿಗೆ ಬಂತು. 1.5–1.5, ಚ ಅವರ ಆಟ ಮಾತ್ರ ಉಳಿದಿತ್ತು, ಎದುರಾಳಿ ಡ್ರಾ ಕೇಳಿದ. ಚ ನನ್ನತ್ತ ನೋಡಿದ. ತೀರ್ಮಾನ ನಿನ್ನದು ಎಂದೆ. ಅವನು ತಲೆಯಾಡಿಸಿ ಮುಂದುವರಿಸಿದ, ಎರಡು ಗಂಟೆಯ ನಂತರ ಸೋತ. ಪಂದ್ಯವೂ ಹೋಯಿತು. ಆ ರಾತ್ರಿ ಅವನು ಯಾರ ಮೇಲೂ ಮುನಿಯಲಿಲ್ಲ, ಊಟದ ಮೇಜಿನ ಮೇಲೆ ಬೋರ್ಡ್ ಹರಡಿ ತನ್ನ ಅಂತ್ಯಾಟವನ್ನು ಮತ್ತೆ ಇಟ್ಟುಕೊಂಡ. ಆ ದಿನ ವಿಶ್ರಾಂತಿಯಲ್ಲಿದ್ದ ಕ ಎದುರಿಗೆ ಬಂದು ಕುಳಿತರು. ಆನೆಯನ್ನು ಕಾವಲಿಗೆ ನಿಲ್ಲಿಸಬೇಡ, ಹಿಂದಕ್ಕೆ ಕೊಂಡೊಯ್ಯಿ ಎಂದು ಅವರು ಹೇಳುತ್ತಿದ್ದದ್ದು ನನಗೆ ಕೇಳಿಸಿತು.